‘ಓಪನ್ ಸ್ಟ್ಯಾಂಡರ್ಡ್’ ಅಂದರೆ ನಮ್ಮ ಕೋಡ್ ಬಿಟ್ಟುಕೊಡಬೇಕಾ?

ಪ್ರಶ್ನೆ: ನಾವು ಬೆಂಗಳೂರಿನಲ್ಲಿ 22 ಜನರ ಸಣ್ಣ ಕಂಪನಿ ನಡೆಸುತ್ತಿದ್ದೇವೆ. ಹೆಲಿಕಾಪ್ಟರ್ ಪೈಲಟ್ ಎದುರಿನ ಸ್ಕ್ರೀನಿಗೆ ಮೂವಿಂಗ್ ಮ್ಯಾಪ್ ಸಾಫ್ಟ್‌ವೇರ್ ಮಾಡುತ್ತೇವೆ. ಏಳು ವರ್ಷದ ಕೆಲಸ. ಸಿ ಭಾಷೆಯಲ್ಲಿದೆ, ವಿಎಕ್ಸ್‌ವರ್ಕ್ಸ್ 653 ಅನ್ನುವ ಆಪರೇಟಿಂಗ್ ಸಿಸ್ಟಮ್ ಮೇಲೆ ಓಡುತ್ತದೆ, ವಿಮಾನದ ಸಾಫ್ಟ್‌ವೇರ್ ಸುರಕ್ಷತೆಯ ಮಾನದಂಡವಾದ ಡಿಒ-178ಸಿಯ ಲೆವೆಲ್ ಸಿ ದಾಖಲೆಗಳೆಲ್ಲ ಇವೆ. ಈಗ ಅಮೆರಿಕದ ಒಂದು ಕಂಪನಿ ನಮ್ಮ ಮ್ಯಾಪ್ ಕೇಳುತ್ತಿದೆ. ಆದರೆ ವಿಮಾನದ ಸಾಫ್ಟ್‌ವೇರಿಗೆ ಅಂತ ಇರುವ ‘ಫೇಸ್’ ಅನ್ನುವ ಓಪನ್ ಸ್ಟ್ಯಾಂಡರ್ಡಿನ 3.1ನೇ ಎಡಿಷನ್‌ಗೆ ಅದು ಹೊಂದಬೇಕಂತೆ. ನನ್ನ ಪಾರ್ಟ್ನರ್‌ಗೆ ಭಯ. ಓಪನ್ ಅಂದರೆ ಸೋರ್ಸ್ ಕೋಡ್ ಕೊಡಬೇಕು, ಆಮೇಲೆ ನಮ್ಮನ್ನು ಯಾರು ಕೇಳ್ತಾರೆ ಅನ್ನುತ್ತಾರೆ. ಮಾರ್ಕೆಟಿಂಗ್ ನೋಡಿಕೊಳ್ಳುವ ಹುಡುಗ ಉಲ್ಟಾ ಹೇಳುತ್ತಾನೆ. ಒಂದು ಸಲ ಫೇಸ್ ಸರ್ಟಿಫಿಕೇಟ್ ಸಿಕ್ಕರೆ ಯಾವ ವಿಮಾನಕ್ಕಾದರೂ ಹಾಕಬಹುದು, ಮತ್ತೆ ಮತ್ತೆ ಡಿಒ-178ಸಿ ಗೋಳಿಲ್ಲ ಅಂತ. ಜೊತೆಗೆ, ಮಿಲಿಟರಿಗೆ ಓಪನ್ ಸ್ಟ್ಯಾಂಡರ್ಡ್ ಅಂದರೆ ಶತ್ರುವಿಗೂ ಓಪನ್ ಅಲ್ವಾ? ನಮ್ಮ ಕೋಡ್ ಸದ್ಯಕ್ಕೆ ವಿಮಾನದೊಳಗಿನ ಡೇಟಾ ತಂತಿಯಾದ ಅರಿಂಕ್ 429ರ ಡ್ರೈವರನ್ನು ನೇರವಾಗಿ ಕರೆಯುತ್ತದೆ. ಮಂಗಳವಾರ ಅವರ ಜೊತೆ ಮೀಟಿಂಗ್ ಇದೆ. ಏನು ಮಾಡಲಿ?

ಉತ್ತರ: ನಿಮ್ಮ ಪಾರ್ಟ್ನರ್ ಭಯ, ಆ ಹುಡುಗನ ಉತ್ಸಾಹ, ಎರಡೂ ಒಂದೇ ಕಡೆ ಹುಟ್ಟಿವೆ. ಇಲ್ಲಿ ಓಪನ್ ಆಗೋದು ಏನು ಅನ್ನೋದು ಇಬ್ಬರಿಗೂ ಸ್ಪಷ್ಟವಾಗಿಲ್ಲ. ತಪ್ಪು ಅವರದಲ್ಲ. ಬ್ರೋಷರ್‌ಗಳಲ್ಲಿ ಈ ಪದವನ್ನು ಮನಸ್ಸಿಗೆ ಬಂದ ಹಾಗೆ ಬಳಸುತ್ತಾರೆ. ನಾನು 26 ವರ್ಷದಿಂದ ಏವಿಯಾನಿಕ್ಸ್ ಸಾಫ್ಟ್‌ವೇರ್ ಪರೀಕ್ಷೆ ಮತ್ತು ಸರ್ಟಿಫಿಕೇಷನ್ ಕೆಲಸದಲ್ಲಿದ್ದೇನೆ. ಈ ಗೊಂದಲದಲ್ಲಿ ಒಳ್ಳೆಯ ಆರ್ಡರ್ ಬಿಟ್ಟವರನ್ನೂ ನೋಡಿದ್ದೇನೆ, ಕೈ ಸುಟ್ಟುಕೊಂಡವರನ್ನೂ ನೋಡಿದ್ದೇನೆ.

ಮೊದಲು ಸೋರ್ಸ್ ಕೋಡ್ ವಿಷಯ ಮುಗಿಸೋಣ. ಸ್ಟ್ಯಾಂಡರ್ಡ್ ಅದನ್ನು ಕೊಡಿ ಅಂತ ಎಲ್ಲೂ ಹೇಳುವುದಿಲ್ಲ. ಓಪನ್ ಸೋರ್ಸ್ ಬೇರೆ, ಓಪನ್ ಸ್ಟ್ಯಾಂಡರ್ಡ್ ಬೇರೆ. ಊರಿನ ಯಾವ ಹಾರ್ಡ್‌ವೇರ್ ಅಂಗಡಿಯಿಂದ ಅರ್ಧ ಇಂಚಿನ ನಲ್ಲಿ ತಂದರೂ ಮನೆಯ ಪೈಪಿಗೆ ಕೂರುತ್ತದೆ. ಥ್ರೆಡ್ಡಿನ ಅಳತೆ ಎಲ್ಲರಿಗೂ ಗೊತ್ತು. ಒಳಗಿನ ವಾಷರ್ ಎಂಥದ್ದು, ಎರಕ ಹೇಗೆ ಹೊಯ್ದರು ಅನ್ನೋದು ಮಾಡಿದವನ ಹತ್ತಿರವೇ ಉಳಿಯುತ್ತದೆ. ಫೇಸ್ ಓಪನ್ ಮಾಡಿರುವುದು ಆ ಥ್ರೆಡ್ಡನ್ನು. ನಿಮ್ಮ ಮ್ಯಾಪ್ ಯಾವ ಡೇಟಾ ತಗೊಳ್ಳುತ್ತದೆ, ಯಾವುದನ್ನು ಹೊರಗೆ ಕೊಡುತ್ತದೆ, ಕೆಳಗಿನ ಆಪರೇಟಿಂಗ್ ಸಿಸ್ಟಮ್ಮನ್ನು ಯಾವ ಯಾವ ಕಾಲ್‌ಗಳಿಂದ ಕೇಳುತ್ತದೆ, ಇಷ್ಟನ್ನು ಎಲ್ಲರಿಗೂ ಗೊತ್ತಿರುವ ರೀತಿಯಲ್ಲಿ ಬರೆದುಕೊಡಬೇಕು. ಗುಡ್ಡದ ನೆರಳನ್ನು ಅಷ್ಟು ಬೇಗ ಹೇಗೆ ಬಿಡಿಸುತ್ತೀರಿ ಅನ್ನೋದು ನಿಮ್ಮದೇ.

ಆದರೆ ಪಾರ್ಟ್ನರ್ ಭಯ ಪೂರ್ತಿ ಸುಳ್ಳೂ ಅಲ್ಲ. ಸ್ಟ್ಯಾಂಡರ್ಡ್ ಕೇಳದೇ ಇರೋದನ್ನು ಕಾಂಟ್ರಾಕ್ಟ್ ಕೇಳಬಹುದು. ಎಷ್ಟೋ ಒಪ್ಪಂದಗಳಲ್ಲಿ ಫೇಸ್ ಮಾತು ಒಂದು ಪ್ಯಾರಾದಲ್ಲಿರುತ್ತದೆ, ಸೋರ್ಸ್ ಹಕ್ಕಿನ ಮಾತು ನಾಲ್ಕು ಪುಟದ ಆಚೆ ಇರುತ್ತದೆ. ಓದುವವರು ಎರಡನ್ನೂ ಸೇರಿಸಿ ಒಂದೇ ಅಂದುಕೊಳ್ಳುತ್ತಾರೆ. ಆ ಪುಟವನ್ನು ಬೇರೆಯಾಗಿ ಕೂತು ಓದಿ, ವಕೀಲರಿಗೂ ತೋರಿಸಿ.

ಇದು ಯಾಕೆ ಬಂತು ಅಂತ ಗೊತ್ತಿದ್ದರೆ ಎದುರಿನವರು ಏನು ಕೇಳುತ್ತಿದ್ದಾರೆ ಅನ್ನೋದು ಸುಲಭವಾಗಿ ಅರ್ಥವಾಗುತ್ತದೆ. ವಿಮಾನದ ಆಯಸ್ಸು ಜಾಸ್ತಿ, ಚಿಪ್ಪಿನ ಆಯಸ್ಸು ಕಮ್ಮಿ. ನಮ್ಮ ಜಾಗ್ವಾರನ್ನೇ ನೋಡಿ. 1979ರಲ್ಲಿ ವಾಯುಪಡೆಗೆ ಬಂತು. ಆಮೇಲೆ ಡಾರಿನ್, ಡಾರಿನ್-2, ಡಾರಿನ್-3 ಅಂತ ಅದರ ಮಿದುಳನ್ನು ಮತ್ತೆ ಮತ್ತೆ ಬದಲಾಯಿಸಿದರು. ಮೈ ಅದೇ. ಹೀಗೆ ಬದಲಾಯಿಸುವಾಗ ಹಳೆಯ ಸಾಫ್ಟ್‌ವೇರ್ ಹಳೆಯ ಕಂಪ್ಯೂಟರ್ ಪೆಟ್ಟಿಗೆಗೆ ಅಂಟಿಕೊಂಡಿದ್ದರೆ ಅದನ್ನು ಬರೆದವರ ಮನೆ ಬಾಗಿಲಿಗೇ ಹೋಗಬೇಕು. ಅವರು ಹೇಳಿದ್ದೇ ರೇಟು.

ಪ್ರಯಾಣಿಕ ವಿಮಾನದವರು ಈ ಕಷ್ಟಕ್ಕೆ ಸ್ವಲ್ಪ ಬೇಗ ದಾರಿ ಹುಡುಕಿಕೊಂಡರು. ಅರಿಂಕ್ ಅನ್ನೋದನ್ನು 1929ರಲ್ಲಿ ಹುಟ್ಟುಹಾಕಿದ್ದೇ ಏರ್‌ಲೈನ್‌ಗಳು. ಪೆಟ್ಟಿಗೆ ಕೊಳ್ಳುವವರೇ ಕೂತು ಮಾಪು ಬರೆದರು. ನೀವು ದಿನಾ ಬಳಸುವ ಅರಿಂಕ್ 653 ಅಲ್ಲಿಂದಲೇ ಬಂದಿದ್ದು. ಒಂದೇ ಕಂಪ್ಯೂಟರಿನಲ್ಲಿ ಹಲವರ ಪ್ರೋಗ್ರಾಂ, ಪ್ರತಿಯೊಂದಕ್ಕೂ ಅದರದೇ ಮೆಮೊರಿ, ಅದರದೇ ಸಮಯ. ಒಂದು ಕೆಟ್ಟರೆ ಪಕ್ಕದ್ದು ಕೆಡಬಾರದು. ಏರ್‌ಬಸ್ ಎ380, ಬೋಯಿಂಗ್ 787 ಇದೇ ದಾರಿ ಹಿಡಿದವು.

ಅಮೆರಿಕದ ಮಿಲಿಟರಿಯಲ್ಲಿ ಒಂದೊಂದು ವಿಮಾನದ ಯೋಜನೆ ಒಂದೊಂದು ದ್ವೀಪದ ಹಾಗಿತ್ತು. ಅದಕ್ಕೆ 2010ರಲ್ಲಿ ಸೇನೆಯವರು, ಕಂಪನಿಯವರು ಸೇರಿ ‘ದಿ ಓಪನ್ ಗ್ರೂಪ್’ ಅನ್ನುವ ಸಂಸ್ಥೆಯ ಅಡಿಯಲ್ಲಿ ಫೇಸ್ ಕೂಟ ಕಟ್ಟಿದರು. ಮೊದಲ ಎಡಿಷನ್ 2012ರಲ್ಲಿ ಬಂತು. 3.0 ಬಂದಿದ್ದು 2017ರಲ್ಲಿ, ನಿಮ್ಮನ್ನು ಕೇಳಿರುವ 3.1 ಬಂದಿದ್ದು 2020ರಲ್ಲಿ. ಇದರ ಜೊತೆಗೆ ಅಲ್ಲಿ ಕಾನೂನೂ ಬಂತು. 2019ರ ಜನವರಿ 1ರ ನಂತರ ಶುರುವಾಗುವ ದೊಡ್ಡ ರಕ್ಷಣಾ ಯೋಜನೆಗಳು ಬಿಡಿ ಭಾಗಗಳಾಗಿ, ಓಪನ್ ಜೋಡಣೆಯಿಂದ ಇರಬೇಕು ಅಂತ. ಕಾನೂನು ಫೇಸ್ ಹೆಸರು ಹೇಳುವುದಿಲ್ಲ. ಆದರೆ ವಿಮಾನದ ಸಾಫ್ಟ್‌ವೇರ್ ಅಂದ ತಕ್ಷಣ ಅಲ್ಲಿನವರು ಫೇಸ್ ಕೇಳೋದಕ್ಕೆ ಅದೇ ದೊಡ್ಡ ಕಾರಣ.

ಈಗ ನಿಮ್ಮ ಕೋಡಿಗೆ ಬರೋಣ. ಫೇಸ್ ಸಾಫ್ಟ್‌ವೇರನ್ನು ಐದು ಪಾಲು ಮಾಡುತ್ತದೆ. ತಳದಲ್ಲಿ ಆಪರೇಟಿಂಗ್ ಸಿಸ್ಟಮ್. 429, 1553 ಥರದ ತಂತಿಗಳ ಜೊತೆ ಮಾತಾಡುವ ಐ/ಒ ಪಾಲು ಒಂದು. ಈ ವಿಮಾನದ ಈ ಸೆನ್ಸರ್ ಹೀಗೇ ಮಾತಾಡುತ್ತದೆ ಅಂತ ಗೊತ್ತಿರುವ ಪಾಲು ಇನ್ನೊಂದು. ಡೇಟಾವನ್ನು ಅಲ್ಲಿಂದ ಇಲ್ಲಿಗೆ ಹೊತ್ತುಕೊಂಡು ಹೋಗುವ ಟ್ರಾನ್ಸ್‌ಪೋರ್ಟ್ ಪಾಲು. ಎಲ್ಲಕ್ಕಿಂತ ಮೇಲೆ, ಯಾವ ವಿಮಾನಕ್ಕಾದರೂ ಹೊಂದುವ ಪೋರ್ಟಬಲ್ ಪಾಲು. ನಿಮ್ಮ ಮ್ಯಾಪ್ ಕೂರಬೇಕಾಗಿರೋದು ಇಲ್ಲಿ. ಇಲ್ಲಿ ಕೂತವರು ತಂತಿ ಮುಟ್ಟುವ ಹಾಗಿಲ್ಲ. ಡೇಟಾ ಬೇಕಾದರೆ ಟ್ರಾನ್ಸ್‌ಪೋರ್ಟ್ ಪಾಲನ್ನೇ ಕೇಳಬೇಕು. ನೀವು 429 ಡ್ರೈವರನ್ನು ನೇರ ಕರೆಯುತ್ತೀರಿ ಅಂದಿರಲ್ಲ, ಅದು ಇಲ್ಲಿ ನಡೆಯುವುದಿಲ್ಲ. ಆ ಕೋಡನ್ನು ಬಿಡಿಸಿ ಕೆಳಗಿನ ಪಾಲುಗಳಿಗೆ ಇಳಿಸಬೇಕು.

ಸರ್ಟಿಫಿಕೇಟ್ ಏನನ್ನು ಪರೀಕ್ಷೆ ಮಾಡುತ್ತದೆ ಅನ್ನೋದನ್ನು ನಿಮ್ಮ ಮಾರ್ಕೆಟಿಂಗ್ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿ. ಫೇಸ್‌ಗೆ ಒಂದು ಟೆಸ್ಟ್ ಸಾಫ್ಟ್‌ವೇರ್ ಇದೆ. ಅದು ನಿಮ್ಮ ಆಬ್ಜೆಕ್ಟ್ ಫೈಲ್‌ಗಳನ್ನು, ಅಂದರೆ ಕಂಪೈಲ್ ಆದ ಕೋಡನ್ನು ತಗೊಂಡು, ಸ್ಟ್ಯಾಂಡರ್ಡಿನಲ್ಲಿ ಒಪ್ಪಿಗೆ ಇರುವ ಕಾಲ್‌ಗಳು ಮಾತ್ರ ಇರುವ ಲೈಬ್ರರಿ ಜೊತೆ ಲಿಂಕ್ ಮಾಡಿ ನೋಡುತ್ತದೆ. ನಿಮ್ಮ ಕೋಡಿನಲ್ಲಿ ಎಲ್ಲೋ ಒಂದು ಕಡೆ ವಿಎಕ್ಸ್‌ವರ್ಕ್ಸ್‌ನದೇ ‘ಟಾಸ್ಕ್‌ಡಿಲೇ’ ಉಳಿದಿದ್ದರೆ ಲಿಂಕ್ ಆಗುವುದಿಲ್ಲ, ಅಲ್ಲೇ ಫೇಲ್. ಒಳಗೆ ಹೊರಗೆ ಹೋಗುವ ಡೇಟಾದ ಅರ್ಥ ಬರೆದಿಡುವ ಡೇಟಾ ಮಾಡೆಲ್ ನಿಯಮದ ಪ್ರಕಾರ ಇದೆಯಾ ಅಂತಲೂ ನೋಡುತ್ತದೆ. ಇದರ ಮೇಲೆ ವೆರಿಫಿಕೇಷನ್ ಅಥಾರಿಟಿ ಅನ್ನುವ ಮೂರನೆಯವರು ನಿಮ್ಮ ದಾಖಲೆ ನೋಡುತ್ತಾರೆ. ಆಮೇಲೆ ಸರ್ಟಿಫಿಕೇಟ್, ಆಮೇಲೆ ಪಟ್ಟಿಯಲ್ಲಿ ಹೆಸರು.

ಗಮನಿಸಿ, ಇಷ್ಟರಲ್ಲಿ ಎಲ್ಲೂ ನಿಮ್ಮ ಮ್ಯಾಪ್ ಗುಡ್ಡವನ್ನು ಸರಿಯಾದ ಜಾಗದಲ್ಲಿ ತೋರಿಸುತ್ತದಾ ಅಂತ ಯಾರೂ ಕೇಳಲಿಲ್ಲ. ಕೇಳುವುದೂ ಇಲ್ಲ. ಅದು ಡಿಒ-178ಸಿ ಕೆಲಸ. ಫೇಸ್ ಸರ್ಟಿಫಿಕೇಟ್ ಥ್ರೆಡ್ ಹೊಂದುತ್ತದೆ ಅನ್ನುತ್ತದೆ. ನೀರು ಸೋರುವುದಿಲ್ಲ ಅಂತ ಹೇಳುವುದಿಲ್ಲ.

ಬೇರೆ ವಿಮಾನಕ್ಕೆ ಹೋದಾಗ ನಿಮ್ಮ ಡಿಒ-178ಸಿ ದಾಖಲೆಯಲ್ಲಿ ಒಂದಷ್ಟು ಜೊತೆಗೆ ಬರುತ್ತದೆ. ರಿಕ್ವೈರ್‌ಮೆಂಟ್, ಡಿಸೈನ್, ಕೋಡ್ ರಿವ್ಯೂ ಬಹುಪಾಲು ಉಳಿಯುತ್ತವೆ. ಹೀಗೆ ಬಳಸಿದ್ದನ್ನೇ ಮತ್ತೆ ಬಳಸೋದಕ್ಕೆ ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ 2004ರಲ್ಲೇ ಎಸಿ 20-148 ಅನ್ನುವ ಮಾರ್ಗದರ್ಶಿ ಕೊಟ್ಟಿದೆ. ಆದರೆ ಪ್ರೊಸೆಸರ್ ಬದಲಾದರೆ, ಕಂಪೈಲರ್ ಬದಲಾದರೆ, ಹಾರ್ಡ್‌ವೇರ್ ಮೇಲೆ ಮಾಡಿದ ಟೆಸ್ಟ್ ಮತ್ತೆ ಮಾಡಲೇಬೇಕು. ಅತಿ ಕೆಟ್ಟ ಸಂದರ್ಭದಲ್ಲಿ ಎಷ್ಟು ಮಿಲಿಸೆಕೆಂಡ್ ಹಿಡಿಯುತ್ತದೆ, ಸ್ಟ್ಯಾಕ್ ಎಷ್ಟು ಬೇಕು, ಇವೆಲ್ಲ ಹೊಸದಾಗಿ ಅಳೆಯಬೇಕು. ಇಲ್ಲಿ ನಿಮ್ಮ ಮ್ಯಾಪಿಗೆ ಒಂದೇ ಸಲಕ್ಕೆ 12 ಮಿಲಿಸೆಕೆಂಡ್ ಸಿಗುತ್ತಿದೆ ಅಂತಿಟ್ಟುಕೊಳ್ಳಿ. ಅಲ್ಲಿ ಅದನ್ನೇ ಆರು ಆರು ಅಂತ ಎರಡು ಸಲ ಕೊಡುತ್ತಾರೆ. ಒಟ್ಟು ಅಷ್ಟೇ. ಆದರೂ ಚಿತ್ರ ಅರ್ಧ ಬಿಡಿಸುವಷ್ಟರಲ್ಲಿ ಸಮಯ ಮುಗಿದು, ಇನ್ನರ್ಧಕ್ಕೆ ಹೊಸ ಡೇಟಾ ಬಂದು, ಸ್ಕ್ರೀನಿನಲ್ಲಿ ರಸ್ತೆ ಮಧ್ಯಕ್ಕೆ ಮುರಿದ ಹಾಗೆ ಕಾಣಬಹುದು. ಕೋಡಿನಲ್ಲಿ ಒಂದಕ್ಷರ ಬದಲಾಗಿರುವುದಿಲ್ಲ.

ಬಳಸಿದ್ದನ್ನೇ ಮತ್ತೆ ಬಳಸುವಾಗ ಏನಾಗಬಹುದು ಅನ್ನೋದಕ್ಕೆ 1996ರ ಜೂನ್ 4ರ ಏರಿಯಾನ್-5 ಉಡಾವಣೆಗಿಂತ ದೊಡ್ಡ ಪಾಠ ನನಗೆ ಗೊತ್ತಿಲ್ಲ. ಏರಿಯಾನ್-4ರಲ್ಲಿ ಚೆನ್ನಾಗಿ ಕೆಲಸ ಮಾಡಿದ ಸಾಫ್ಟ್‌ವೇರನ್ನೇ ಇಟ್ಟಿದ್ದರು. ಹೊಸ ರಾಕೆಟ್ಟಿನ ಅಡ್ಡ ವೇಗ ಜಾಸ್ತಿ. 64 ಬಿಟ್ಟಿನ ಸಂಖ್ಯೆಯನ್ನು 16 ಬಿಟ್ಟಿಗೆ ತುಂಬಲು ಹೋದಾಗ ಹಿಡಿಯಲಿಲ್ಲ. ಬ್ಯಾಕಪ್ಪಿನಲ್ಲೂ ಅದೇ ಸಾಫ್ಟ್‌ವೇರ್ ಇತ್ತು, ಅದೂ ಅದೇ ಕಾರಣಕ್ಕೆ ನಿಂತಿತು. ಹಾರಿ 40 ಸೆಕೆಂಡ್ ಆಗುವ ಹೊತ್ತಿಗೆ ರಾಕೆಟ್ ಚೂರಾಯಿತು. ಆ ಲೆಕ್ಕ ಹಾರಿದ ಮೇಲೆ ಏರಿಯಾನ್-5ಕ್ಕೆ ಬೇಕಾಗಿಯೇ ಇರಲಿಲ್ಲ ಅನ್ನೋದು ಇವತ್ತಿಗೂ ನನಗೆ ಸಂಕಟ ಕೊಡುವ ವಿಷಯ.

ಹಾಗಾದರೆ ಫೇಸ್‌ನಿಂದ ಏನು ಲಾಭ? ನನ್ನ ಅನುಭವದಲ್ಲಿ ಅದರ ನಿಜವಾದ ಬೆಲೆ ಇರೋದು ಡೇಟಾ ಮಾಡೆಲ್‌ನಲ್ಲಿ. ಎಲ್ಲರೂ ಬೈಯುವ, ಎಲ್ಲರಿಗೂ ಬರೆಯಲು ಬೇಜಾರಾಗುವ ಭಾಗ ಅದು. ಒಂದು ಘಟನೆ ಹೇಳುತ್ತೇನೆ.

ಕೆಲವು ವರ್ಷದ ಹಿಂದೆ ನಮ್ಮ ಲ್ಯಾಬಿಗೆ ಹೊರದೇಶದ ಒಂದು ನ್ಯಾವಿಗೇಷನ್ ಪೆಟ್ಟಿಗೆ ಬಂತು. ಯುರೋಪಿನಲ್ಲಿ ಒಂದು ಮ್ಯಾಪಿನ ಜೊತೆ ಜೋಡಿಸಿ ಹಾರಿಸಿದ್ದರು, ಎಲ್ಲ ಸರಿ ಇತ್ತಂತೆ. ನಾವು ಬೆಂಗಳೂರಿನಲ್ಲಿ ಟೇಬಲ್ ಮೇಲಿಟ್ಟು, ಮಾಳಿಗೆಯ ಮೇಲಿನ ಆಂಟೆನಾಕ್ಕೆ ಕೊಟ್ಟು ಆನ್ ಮಾಡಿದೆವು. ಸ್ಕ್ರೀನ್ ಪೂರ್ತಿ ಕೆಂಪಾಯಿತು. ಸುತ್ತಲಿನ ನೆಲವೆಲ್ಲ ನಿಮಗಿಂತ ಎತ್ತರದಲ್ಲಿದೆ ಅನ್ನೋ ಎಚ್ಚರಿಕೆ. ಊರು ಇರೋದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ. ಪೆಟ್ಟಿಗೆ ಹೇಳುತ್ತಿದ್ದಿದ್ದು 810ರ ಆಸುಪಾಸು. ಮ್ಯಾಪಿನ ಲೆಕ್ಕದಲ್ಲಿ ನಾವು ನೆಲದ ಒಳಗೆ ಕೂತಿದ್ದೆವು.

ಪೆಟ್ಟಿಗೆ ಕೆಟ್ಟಿರಲಿಲ್ಲ. ಮ್ಯಾಪೂ ಕೆಟ್ಟಿರಲಿಲ್ಲ. ಎರಡರ ಮಧ್ಯೆ ಯಾವ ಡೇಟಾ ಹೇಗೆ ಹೋಗುತ್ತದೆ ಅಂತ ಹೇಳುವ ಐಸಿಡಿ ಅನ್ನುವ ದಾಖಲೆಯ ಪುಟದಲ್ಲಿ ‘ಎತ್ತರ, ಮೀಟರ್’ ಅಂತ ಮಾತ್ರ ಬರೆದಿತ್ತು. ಜಿಪಿಎಸ್ ಎತ್ತರ ಅಳೆಯೋದು ಭೂಮಿಯನ್ನು ನುಣುಪಾದ ಅಂಡಾಕಾರ ಅಂದುಕೊಂಡು ಹಾಕಿದ ಲೆಕ್ಕದ ಮೇಲ್ಮೈಯಿಂದ. ನಕ್ಷೆಯ ಗುಡ್ಡಗಳ ಎತ್ತರ ಸಮುದ್ರಮಟ್ಟದಿಂದ. ದಕ್ಷಿಣ ಭಾರತದ ಕೆಳಗೆ ಹಿಂದೂ ಮಹಾಸಾಗರದಲ್ಲಿ ಭೂಮಿಯ ಗುರುತ್ವದ ದೊಡ್ಡ ತಗ್ಗಿದೆ. ಹಾಗಾಗಿ ಬೆಂಗಳೂರಿನಲ್ಲಿ ಈ ಎರಡರ ನಡುವೆ 80 ಮೀಟರಿಗೂ ಜಾಸ್ತಿ ಅಂತರ ಬರುತ್ತದೆ, ಅದೂ ಕೆಳಮುಖವಾಗಿ. ಪಶ್ಚಿಮ ಯುರೋಪಿನಲ್ಲಿ ಅಂತರ ಮೇಲ್ಮುಖವಾಗಿರುತ್ತದೆ, ಸುಮಾರು 45-50 ಮೀಟರ್. ಅಲ್ಲಿ ವಿಮಾನ ಇದ್ದದ್ದಕ್ಕಿಂತ ಮೇಲಿದೆ ಅಂತ ತೋರಿಸಿ ಕೆಂಪು ಬರಲೇ ಇಲ್ಲ. ಬರಬೇಕಾದಾಗಲೂ ಬರುತ್ತಿರಲಿಲ್ಲ. ನಮ್ಮ ಊರಿನ ಕೆಂಪು ಸ್ಕ್ರೀನ್ ಅದನ್ನು ಹಿಡಿದುಕೊಟ್ಟಿತು. ಆ ಸಂಜೆ ನಾವು ಮೂವರು ಆ ಒಂದು ಸಾಲಿನ ಐಸಿಡಿ ನೋಡುತ್ತಾ ಸುಮ್ಮನೆ ಕೂತಿದ್ದು ನನಗೆ ಇನ್ನೂ ನೆನಪಿದೆ.

ಫೇಸ್ ಡೇಟಾ ಮಾಡೆಲ್ ಮೂರು ಹಂತದಲ್ಲಿ ಬರೆಸುತ್ತದೆ. ಮೊದಲು, ಇದು ಯಾವುದರ ಯಾವ ಗುಣ. ಎರಡನೆಯದು, ಯಾವ ಅಳತೆ, ಎಲ್ಲಿಂದ ಅಳೆದಿದ್ದು. ಮೂರನೆಯದು, ಮೆಮೊರಿಯಲ್ಲಿ ಫ್ಲೋಟಾ, ಡಬಲ್ಲಾ. ಆ ಎರಡನೇ ಹಂತದಲ್ಲಿ ‘ಎತ್ತರ, ಮೀಟರ್’ ಅಂತ ಬರೆದು ತಪ್ಪಿಸಿಕೊಳ್ಳೋಕೆ ಆಗುವುದಿಲ್ಲ. ಎಲ್ಲಿಂದ ಅಂತ ಹೇಳಲೇಬೇಕು. 429ರಲ್ಲಿ ನಿಮಗೆ ಈ ಕಷ್ಟ ಅಷ್ಟಾಗಿ ಗೊತ್ತಾಗಿರಲಿಕ್ಕಿಲ್ಲ. ಲೇಬಲ್ 203 ಅಂದರೆ ಒತ್ತಡದಿಂದ ಅಳೆದ ಎತ್ತರ, 164 ಅಂದರೆ ರೇಡಿಯೋ ಎತ್ತರ ಅಂತ ನಿಮ್ಮ ಹುಡುಗರಿಗೆ ಬಾಯಿಪಾಠ. ಆ ಅರಿವು ಈಗ ಡ್ರೈವರ್ ಕೋಡಿನ ಒಳಗೆ, ಅವರ ತಲೆಯ ಒಳಗೆ ಇದೆ. ಅದನ್ನು ಹೊರಗೆ ತಂದು ಬರೆಯಬೇಕು. ನಿಮ್ಮ ಕಂಪನಿಗೆ ಜಾಸ್ತಿ ದಿನ ಹಿಡಿಯೋದು ಈ ಕೆಲಸವೇ. ಎಸ್ಟಿಮೇಟ್ ಹಾಕುವಾಗ ಕೋಡ್ ಬದಲಾವಣೆಗೆ ಸಮಯ ಇಟ್ಟು ಇದನ್ನು ಮರೆಯುವವರೇ ಹೆಚ್ಚು.

ಶತ್ರುವಿನ ಪ್ರಶ್ನೆ ಬೇಗ ಮುಗಿಯುತ್ತದೆ. ಫೇಸ್ ದಾಖಲೆಯನ್ನು ಯಾರು ಬೇಕಾದರೂ ಓದಬಹುದು. 1553 ಬಸ್ಸಿನ ವಿವರವನ್ನೂ ದಶಕಗಳಿಂದ ಎಲ್ಲರೂ ಓದುತ್ತಿದ್ದಾರೆ. ಗುಟ್ಟು ಇರಬೇಕಾದ್ದು ಕೀಲಿಯಲ್ಲಿ, ಡೇಟಾದಲ್ಲಿ, ಲೆಕ್ಕದ ವಿಧಾನದಲ್ಲಿ. ನಿಜವಾದ ಅಪಾಯ ಬೇರೆ. ಎಲ್ಲರೂ ಒಂದೇ ತಳಹದಿ ಬಳಸಿದರೆ ಅದರ ಒಂದು ದೋಷ ಎಲ್ಲರ ಮನೆಗೂ ಬರುತ್ತದೆ. 2019ರಲ್ಲಿ ವಿಎಕ್ಸ್‌ವರ್ಕ್ಸ್‌ನ ನೆಟ್‌ವರ್ಕ್ ಭಾಗದಲ್ಲಿ ‘ಅರ್ಜೆಂಟ್/11’ ಅನ್ನುವ 11 ದೋಷಗಳು ಹೊರಬಿದ್ದವು. ನೀವು ಬಳಸುವ 653ಕ್ಕೆ ಅವು ತಟ್ಟುವುದಿಲ್ಲ ಅಂತ ಅವನ್ನು ಪತ್ತೆ ಹಚ್ಚಿದವರು ಆಗ ಹೇಳಿದ್ದರು. ಆದರೆ ಅವತ್ತು ನಿಮ್ಮ ಉತ್ಪನ್ನದಲ್ಲಿ ಯಾವ ಆವೃತ್ತಿ ಇದೆ ಅಂತ ಒಂದು ಗಂಟೆಯಲ್ಲಿ ಹೇಳೋಕೆ ಆಗುತ್ತಿತ್ತಾ? ಆ ಪಟ್ಟಿ ಇಟ್ಟುಕೊಳ್ಳಿ.

ಈಗ ನಿಮ್ಮ ಮುಂದಿರುವ ದಾರಿ. ಸುಲಭವಾಗಿ ಕಾಣೋದು, ಮ್ಯಾಪನ್ನು ಮುಟ್ಟದೆ ಸುತ್ತ ಒಂದು ಅಡಾಪ್ಟರ್ ಬರೆದು, ನಾವು ಫೇಸ್‌ಗೆ ‘ಅಲೈನ್ಡ್’ ಅನ್ನೋದು. ಇದರಲ್ಲಿ ಎರಡು ತೊಡಕಿವೆ. ‘ಅಲೈನ್ಡ್’ ಅನ್ನೋದು ಬಾಯಿಮಾತು. ‘ಕನ್ಫಾರ್ಮೆಂಟ್’ ಅನ್ನೋದನ್ನು ಸರ್ಟಿಫಿಕೇಟ್ ಇದ್ದವರು ಮಾತ್ರ ಹೇಳಬಹುದು. ಕಾಂಟ್ರಾಕ್ಟಿನಲ್ಲಿ ಎರಡನೇ ಪದ ಇದ್ದರೆ ಅಡಾಪ್ಟರ್ ನಿಮ್ಮನ್ನು ಉಳಿಸುವುದಿಲ್ಲ. ಜೊತೆಗೆ ಆ ಅಡಾಪ್ಟರಿಗೂ ಲೆವೆಲ್ ಸಿ ದಾಖಲೆ ಪೂರ್ತಿ ಬೇಕು, ಅದು ತಿನ್ನುವ ಸಮಯ ನಿಮ್ಮ ಮಿಲಿಸೆಕೆಂಡಿನಿಂದಲೇ ಹೋಗುತ್ತದೆ.

ಇನ್ನೊಂದು ಕೊನೆಯಲ್ಲಿ, ಎಲ್ಲವನ್ನೂ ಒಡೆದು ಐದೂ ಪಾಲಿಗೆ ಹೊಂದುವ ಹಾಗೆ ಹೊಸದಾಗಿ ಕಟ್ಟಬಹುದು. 22 ಜನರ ಕಂಪನಿಗೆ ನಾನು ಇದನ್ನು ಹೇಳುವುದಿಲ್ಲ. ಇರುವ ಗ್ರಾಹಕರ ಕೆಲಸ ನಿಂತುಹೋಗುತ್ತದೆ.

ನಾನಾದರೆ ಮಧ್ಯದ ದಾರಿ ಹಿಡಿಯುತ್ತೇನೆ. ನಕ್ಷೆಯ ಲೆಕ್ಕ ಮಾಡುವ ತಿರುಳನ್ನು ಮಾತ್ರ ಬೇರೆ ಮಾಡಿ. ಸ್ಟ್ಯಾಂಡರ್ಡಿನ ಭಾಷೆಯಲ್ಲಿ ಅದನ್ನು ಒಂದು ‘ಯುಒಸಿ’, ಅಂದರೆ ಬೇರೆಯಾಗಿ ಸರ್ಟಿಫಿಕೇಟ್ ಪಡೆಯಬಹುದಾದ ಒಂದು ತುಂಡು ಮಾಡಿ, ಅದಕ್ಕಷ್ಟೇ ಸರ್ಟಿಫಿಕೇಟ್ ತಗೊಳ್ಳಿ. ಡ್ರೈವರ್, ಟ್ರಾನ್ಸ್‌ಪೋರ್ಟ್ ಎರಡನ್ನೂ ಅವರೇ ತರಲಿ, ಹೇಗೂ ಅವರ ವಿಮಾನದ ತಂತಿ ಅವರದೇ. ಹೀಗೆ ಮಾಡಿದರೆ ಇಲ್ಲಿನ ಗ್ರಾಹಕರಿಗೂ ಅದೇ ತಿರುಳು ಕೊಡಬಹುದು. ನಮ್ಮ ಮಿಲಿಟರಿ ವಿಮಾನಕ್ಕೆ ಒಪ್ಪಿಗೆ ಕೊಡೋದು ಸೆಮಿಲಾಕ್. ಅವರ ಮುಂದೆ ಹೋಗುವಾಗ ಸಾಫ್ಟ್‌ವೇರಿನ ಗಡಿ ಇಷ್ಟು ಸ್ಪಷ್ಟವಾಗಿದ್ದರೆ ಅರ್ಧ ಪ್ರಶ್ನೆ ಅಲ್ಲೇ ಕಮ್ಮಿಯಾಗುತ್ತದೆ. ಅಪಾಯ ಏನಂದರೆ, ಟ್ರಾನ್ಸ್‌ಪೋರ್ಟ್ ಅವರದಾದ ಮೇಲೆ ಅದು ತಡ ಮಾಡಿದರೂ ಮ್ಯಾಪ್ ನಿಧಾನ ಅಂತ ಫೋನ್ ಬರೋದು ನಿಮಗೇ. ಡೇಟಾ ಎಷ್ಟು ಹಳೆಯದು ಅಂತ ನೀವೇ ನೋಡಿ, ಹಳೆಯದಾದರೆ ಸ್ಕ್ರೀನಿನಲ್ಲಿ ಹೇಳುವ ಕೋಡ್ ತಿರುಳಿನ ಒಳಗೇ ಇರಲಿ.

ಮತ್ತೆ, ಮಿಲಿಟರಿಗೆ ಅಂತ ಮಾಡಿದ ಸಾಫ್ಟ್‌ವೇರ್ ಆದ್ದರಿಂದ ಹೊರಗೆ ಕಳಿಸುವ ಮೊದಲು ಸ್ಕೋಮೆಟ್ ಪಟ್ಟಿ, ಅಂದರೆ ಭಾರತದ ರಫ್ತು ನಿಯಂತ್ರಣದ ಪಟ್ಟಿ ನೋಡಿ. ದಾಖಲೆ ಇಮೇಲ್ ಮಾಡಿದರೂ ಅದು ರಫ್ತೇ. ಡೆಮೋ ಕಳಿಸುವ ಆತುರದಲ್ಲಿ ಇದು ಮರೆತುಹೋಗುತ್ತದೆ.

ಮೀಟಿಂಗಿಗೆ ಮೊದಲು ಒಂದು ಕೆಲಸ ಮಾಡಿ. ಇವತ್ತೇ ಯಾರಾದರೂ ನಿಮ್ಮ ಆಬ್ಜೆಕ್ಟ್ ಫೈಲ್‌ಗಳ ಮೇಲೆ ‘ಎನ್‌ಎಂ’ ಅನ್ನುವ ಸಣ್ಣ ಪ್ರೋಗ್ರಾಂ ಓಡಿಸಿ, ಹೊರಗಿನಿಂದ ಬೇಕಾಗಿರುವ ಹೆಸರುಗಳ ಪಟ್ಟಿ ತೆಗೆಯಲಿ. ಅದರಲ್ಲಿ ಫೇಸ್ ಒಪ್ಪುವ, ಪೋಸಿಕ್ಸ್ (ಆಪರೇಟಿಂಗ್ ಸಿಸ್ಟಮ್ ಕಾಲ್‌ಗಳ ಇನ್ನೊಂದು ಸ್ಟ್ಯಾಂಡರ್ಡ್) ಮತ್ತು ಅರಿಂಕ್ 653 ಹೆಸರುಗಳನ್ನು ಅಳಿಸಿ. ಉಳಿದಿದ್ದೇ ನಿಮ್ಮ ಕೆಲಸ. 15 ಹೆಸರು ಉಳಿದರೆ ನೆಮ್ಮದಿ, 200 ಉಳಿದರೆ ದಿನಾಂಕ ಒಪ್ಪಿಕೊಳ್ಳಬೇಡಿ. ಮಂಗಳವಾರ ಅವರನ್ನು ಕೇಳಬೇಕಾದ್ದು ಇಷ್ಟು: ಕಾಂಟ್ರಾಕ್ಟಿನಲ್ಲಿರೋದು ಅಲೈನ್ಡ್ ಅಂತಾನಾ, ಕನ್ಫಾರ್ಮೆಂಟ್ ಅಂತಾನಾ? ಯಾವ ಪ್ರೊಫೈಲ್ (ಒಪ್ಪಿಗೆ ಇರುವ ಕಾಲ್‌ಗಳ ಗುಂಪು), ಸೇಫ್ಟಿ ಬೇಸಾ, ಸೇಫ್ಟಿ ಎಕ್ಸ್‌ಟೆಂಡೆಡ್ಡಾ? ಪ್ರೊಸೆಸರ್ ಮಲ್ಟಿಕೋರ್ ಆಗಿದ್ದರೆ ಕೋರ್‌ಗಳು ಒಂದಕ್ಕೊಂದು ಅಡ್ಡ ಬರೋದಿಲ್ಲ ಅಂತ ತೋರಿಸುವ ಹೊಣೆ ಯಾರದು? ಮ್ಯಾಪಿಗೆ ಬರುವ ಎತ್ತರ ಎಲ್ಲಿಂದ ಅಳೆದದ್ದು? ಕೊನೆಯ ಪ್ರಶ್ನೆಗೆ ಅವರು ತಕ್ಷಣ ಉತ್ತರ ಕೊಟ್ಟರೆ ಅವರ ಜೊತೆ ಕೆಲಸ ಮಾಡಬಹುದು. ‘ಜಿಪಿಎಸ್‌ನಿಂದ’ ಅಂತ ಮಾತ್ರ ಹೇಳಿದರೆ, ಡೇಟಾ ಮಾಡೆಲ್ ಬರೆಯುವ ದಿನಗಳನ್ನು ನಿಮ್ಮ ಎಸ್ಟಿಮೇಟಿನಲ್ಲಿ ಎರಡರಷ್ಟು ಮಾಡಿ.